‘ಇದಿಲ್ಲದಿದ್ದರೆ’ ಎಂಬ ವಾದ: ನಗರಸಭೆಗಳ ತೆರಿಗೆ-ಏರಿಕೆ ವಲಯಗಳ ಒಂದು ವಿಮರ್ಶೆ

ಆರ್ಥಿಕ ಅಭಿವೃದ್ಧಿಗಾಗಿ ವಿಶೇಷ ವಲಯಗಳನ್ನು ನಿರ್ಮಿಸುವ ವಿಚಾರ ನಮ್ಮ ತರಗತಿಗಳಲ್ಲಿ ಬಂದಾಗ ವಿದ್ಯಾರ್ಥಿಗಳ ನೆನಪಿಗೆ ಬರುವುದು 1965ರಲ್ಲಿ ಆರಂಭವಾದ ಕಾಂಡ್ಲಾದ ರಫ್ತು ವಲಯ, ಇಲ್ಲವೆ 2005ರ ವಿಶೇಷ ಆರ್ಥಿಕ ವಲಯಗಳ ಶಾಸನ. ಇವೆರಡರಲ್ಲಿಯೂ ವಲಯವನ್ನು ಘೋಷಿಸುವ ಅಧಿಕಾರ ಕೇಂದ್ರ ಸರ್ಕಾರದ್ದು. ಊರಿನ ಪೌರಸಂಸ್ಥೆಗೆ ಅಲ್ಲಿ ಹೆಚ್ಚಿನ ಮಾತಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದಕ್ಕಿಂತ ಭಿನ್ನವಾದ ಒಂದು ಬಗೆಯ ವಲಯ ಬೆಳೆದುಬಂದಿದೆ. ಅಲ್ಲಿ ನಗರಸಭೆಯೇ ತನ್ನ ನಕ್ಷೆಯ ಮೇಲೆ ಗೆರೆಯೆಳೆದು, ಆ ಗೆರೆಯೊಳಗೆ ಮುಂದೆ ಹೆಚ್ಚಾಗುವ ಆಸ್ತಿತೆರಿಗೆಯನ್ನು ಆ ಪ್ರದೇಶದ ಅಭಿವೃದ್ಧಿಗೆಂದು ಬೇರೆಯಾಗಿ ತೆಗೆದಿಡುತ್ತದೆ. ಇಂಗ್ಲಿಷಿನಲ್ಲಿ ‘ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್’ ಎಂದು ಕರೆಯಲ್ಪಡುವ ಈ ಪದ್ಧತಿಯ ವಲಯಗಳನ್ನು ಪ್ರಕೃತ ಲೇಖನದಲ್ಲಿ ‘ತೆರಿಗೆ-ಏರಿಕೆ ವಲಯ’ ಎಂದು ಕರೆಯುತ್ತೇವೆ.

ಈ ಪದ್ಧತಿ ನಮಗೆ ಕೇವಲ ಪರದೇಶದ ಸುದ್ದಿಯಲ್ಲ. ಸಾರ್ವಜನಿಕ ಕಾಮಗಾರಿಗಳಿಂದ ಭೂಮಿಯ ಬೆಲೆ ಏರಿದಾಗ ಆ ಏರಿಕೆಯ ಒಂದು ಪಾಲನ್ನು ಬೊಕ್ಕಸಕ್ಕೆ ಪಡೆಯುವುದು ಹೇಗೆಂಬ ಬಗ್ಗೆ 2017ರಲ್ಲಿ ಭಾರತ ಸರ್ಕಾರದ ನಗರಾಭಿವೃದ್ಧಿ ಸಚಿವಾಲಯ ಒಂದು ನೀತಿಯ ಚೌಕಟ್ಟನ್ನು ಪ್ರಕಟಿಸಿತು. ಅದರಲ್ಲಿ ಸೂಚಿತವಾದ ಸಾಧನಗಳಲ್ಲಿ ಇದೂ ಒಂದು. ಆದಕಾರಣ ಈ ಸಾಧನವನ್ನು ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬಲ್ಲ ದೇಶದ ಅನುಭವವೇನೆಂಬುದನ್ನು ನಾವು ಪರೀಕ್ಷಿಸಿ ನೋಡುವುದು ಉಚಿತ. ಈ ಪದ್ಧತಿಯನ್ನು ಕುರಿತು ನಮ್ಮ ಮುಖ್ಯ ಆಕ್ಷೇಪಣೆ ಇಷ್ಟು: ಇದರ ಇಡೀ ಕಟ್ಟಡ ಒಂದು ಷರತ್ತಿನ ವಾಕ್ಯದ ಮೇಲೆ ನಿಂತಿದೆ, ಆ ವಾಕ್ಯ ನಿಜವೇ ಸುಳ್ಳೇ ಎಂದು ತೀರ್ಮಾನಿಸುವ ಅಧಿಕಾರ, ಅದು ನಿಜವೆಂದು ಹೇಳಿದರೆ ಯಾರಿಗೆ ಲಾಭವೋ ಅವರ ಕೈಯಲ್ಲಿಯೇ ಇದೆ.

1. ಪದ್ಧತಿಯ ಸ್ವರೂಪ

ಅಮೆರಿಕದಲ್ಲಿ ಒಂದೇ ಮನೆಯ ಮೇಲೆ ನಗರಸಭೆ, ಶಾಲಾ ಮಂಡಲಿ, ಕೌಂಟಿ, ಉದ್ಯಾನ ಮಂಡಲಿ ಮೊದಲಾದ ಹಲವು ಸಂಸ್ಥೆಗಳು ಬೇರೆ ಬೇರೆಯಾಗಿ ಆಸ್ತಿತೆರಿಗೆ ವಿಧಿಸುತ್ತವೆ. ಮನೆಯ ಯಜಮಾನನಿಗೆ ಬರುವ ಬಿಲ್ಲು ಒಂದೇ ಆದರೂ ಅದರೊಳಗಿನ ಪಾಲುದಾರರು ಅನೇಕರು. ಅವರಲ್ಲಿ ಶಾಲಾ ಮಂಡಲಿಯ ಪಾಲು ಸಾಮಾನ್ಯವಾಗಿ ದೊಡ್ಡದು. ಈ ಸಂಗತಿಯನ್ನು ಮರೆತರೆ ಮುಂದಿನ ವಿಚಾರ ಅರ್ಥವಾಗುವುದಿಲ್ಲ.

ನಗರಸಭೆ ಒಂದು ಪ್ರದೇಶವನ್ನು ವಲಯವೆಂದು ಘೋಷಿಸಿದ ದಿನ ಅಲ್ಲಿನ ಆಸ್ತಿಗಳ ಒಟ್ಟು ತೆರಿಗೆಮೌಲ್ಯವನ್ನು ಲೆಕ್ಕ ಹಾಕಿ, ಅದನ್ನು ಮೂಲಮೌಲ್ಯವೆಂದು ಸ್ಥಿರಗೊಳಿಸಲಾಗುತ್ತದೆ. ಮೂಲಮೌಲ್ಯದ ಮೇಲಿನ ತೆರಿಗೆ ಹಿಂದಿನಂತೆ ಎಲ್ಲ ಸಂಸ್ಥೆಗಳಿಗೂ ಹಂಚಿಕೆಯಾಗುತ್ತದೆ. ಆಮೇಲೆ ಮೌಲ್ಯ ಎಷ್ಟು ಏರಿದರೂ ಆ ಏರಿಕೆಯ ಮೇಲಿನ ತೆರಿಗೆ, ಶಾಲೆಯ ಪಾಲೂ ಸೇರಿದಂತೆ, ನಗರಸಭೆಯ ವಶದಲ್ಲಿರುವ ವಲಯನಿಧಿಗೆ ಹೋಗುತ್ತದೆ. ಇಲಿನಾಯ್ ರಾಜ್ಯದ ಶಾಸನದಲ್ಲಿ ಇದರ ಅವಧಿ 23 ವರ್ಷ. ರಾಜ್ಯದ ಶಾಸನಸಭೆ ಒಪ್ಪಿದರೆ 35 ವರ್ಷ. ಈ ನಿಧಿಯಿಂದ ರಸ್ತೆ, ಚರಂಡಿ, ಹಳೆಯ ಕಟ್ಟಡಗಳ ನೆಲಸಮ, ನಿವೇಶನಗಳ ಖರೀದಿ ಮಾತ್ರವಲ್ಲದೆ ಖಾಸಗಿ ನಿರ್ಮಾಪಕರಿಗೆ ಧನಸಹಾಯವನ್ನೂ ಕೊಡಬಹುದು. ಮುಂದೆ ಬರಲಿರುವ ಏರಿಕೆಯನ್ನು ಆಧಾರವಾಗಿಟ್ಟು ಇಂದೇ ಸಾಲವೆತ್ತಬಹುದು. ‘ಹೊಸ ತೆರಿಗೆಯಿಲ್ಲದೆ ಅಭಿವೃದ್ಧಿ’ ಎಂದು ಹೇಳಿ ಜನಪ್ರತಿನಿಧಿಗಳು ಇದನ್ನು ಸಮರ್ಥಿಸುವುದು ಈ ಕಾರಣದಿಂದ.

ಇದು ಹುಟ್ಟಿದ್ದು ಕ್ಯಾಲಿಫೋರ್ನಿಯದಲ್ಲಿ. 1949ರ ವಸತಿ ಶಾಸನದ ಪ್ರಕಾರ ನಗರಗಳ ಪುನರ್ನಿರ್ಮಾಣದ ನಿವ್ವಳ ವೆಚ್ಚದಲ್ಲಿ ಮೂರರಲ್ಲಿ ಎರಡು ಪಾಲನ್ನು ಒಕ್ಕೂಟ ಸರ್ಕಾರ ಕೊಡುತ್ತಿತ್ತು. ಉಳಿದ ಒಂದು ಪಾಲನ್ನು ಸ್ಥಳೀಯರು ಹೊಂದಿಸಬೇಕಾಗಿತ್ತು. ಆ ಒಂದು ಪಾಲನ್ನು ಹೊಂದಿಸುವ ಉಪಾಯವಾಗಿ 1952ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ತಮ್ಮ ಸಂವಿಧಾನಕ್ಕೆ ತಿದ್ದುಪಡಿ ಮಾಡಿ ತೆರಿಗೆಯ ಏರಿಕೆಯನ್ನು ಬಳಸಲು ಅನುಮತಿಯಿತ್ತರು. ಅಂದರೆ ಮೂಲದಲ್ಲಿ ಇದು ದೊಡ್ಡ ಅನುದಾನಕ್ಕೆ ಜೋಡಿಸಿದ ಸಣ್ಣ ಸಾಧನ. ಕಾಲಕ್ರಮದಲ್ಲಿ ಒಕ್ಕೂಟದ ಅನುದಾನಗಳು ಕುಗ್ಗಿದವು. ಸಣ್ಣ ಸಾಧನವೇ ಮುಖ್ಯ ಸಾಧನವಾಗಿ ನಿಂತಿತು. ಈಗ ಅರಿಜೋನವೊಂದನ್ನು ಬಿಟ್ಟು ಅಲ್ಲಿನ ಎಲ್ಲ ರಾಜ್ಯಗಳಲ್ಲಿಯೂ ಇದಕ್ಕೆ ಅವಕಾಶ ಕೊಡುವ ಶಾಸನಗಳು ಬಂದಿವೆ.

2. ‘ರೋಗ’ವೆಂಬ ಪದ

ಯಾವ ಪ್ರದೇಶವನ್ನಾದರೂ ವಲಯ ಮಾಡಿಬಿಡಲು ಶಾಸನ ಅವಕಾಶ ಕೊಡುವುದಿಲ್ಲ. ಇಲಿನಾಯ್ 1977ರಲ್ಲಿ ಜಾರಿಗೆ ತಂದ ಶಾಸನದಲ್ಲಿ ಆ ಪ್ರದೇಶ ‘ಬ್ಲೈಟ್’ ತಗುಲಿದ್ದಾಗಿರಬೇಕು, ಇಲ್ಲವೆ ಅಂಥ ಸ್ಥಿತಿಗೆ ಇಳಿಯುವ ಅಪಾಯದಲ್ಲಿರುವ ‘ಸಂರಕ್ಷಣಾ ಪ್ರದೇಶ’ವಾಗಿರಬೇಕು ಎಂಬ ನಿಯಮವಿದೆ. ‘ಬ್ಲೈಟ್’ ಎಂಬುದು ಮೂಲತಃ ಬೇಸಾಯದ ಮಾತು. ಹಾಸನದ ಕಡೆಯ ಆಲೂಗಡ್ಡೆಯ ಬೆಳೆಗಾರರು ಅಂಗಮಾರಿ ಎಂದು ಯಾವುದಕ್ಕೆ ಹೆದರುತ್ತಾರೋ ಅದೇ ಈ ರೋಗ. ಗಿಡದ ರೋಗದ ಹೆಸರನ್ನು ಬೀದಿಗೆ ಇಟ್ಟಾಗ ಎರಡು ಅರ್ಥಗಳು ಅದರೊಡನೆ ತಾವಾಗಿಯೇ ಬರುತ್ತವೆ: ರೋಗ ಹರಡುತ್ತದೆ ಎಂಬುದೊಂದು, ರೋಗ ತಗುಲಿದ್ದನ್ನು ಕಿತ್ತುಹಾಕಬೇಕು ಎಂಬುದು ಇನ್ನೊಂದು. ಬೀದಿಗೆ ಬಡತನ ಬಂದುದು ಹೇಗೆ, ಅಲ್ಲಿನ ಕಾರ್ಖಾನೆ ಮುಚ್ಚಿದ್ದು ಏಕೆ, ಬ್ಯಾಂಕುಗಳು ಸಾಲ ನಿಲ್ಲಿಸಿದ್ದು ಏಕೆ ಎಂಬ ಪ್ರಶ್ನೆಗಳಿಗೆ ಈ ಪದದಲ್ಲಿ ಎಡೆಯಿಲ್ಲ.

ಶಾಸನಕಾರರು ಪದದ ಸಡಿಲತೆಯನ್ನು ತಿಳಿಯದವರೇನಲ್ಲ. ಕಟ್ಟಡಗಳಿರುವ ಪ್ರದೇಶಕ್ಕೆ ಅವರು ಹದಿಮೂರು ಲಕ್ಷಣಗಳ ಪಟ್ಟಿಯನ್ನೇ ಕೊಟ್ಟಿದ್ದಾರೆ. ಶಿಥಿಲತೆ, ಕಾಲಬಾಹಿರತೆ, ಖಾಲಿ ಬಿದ್ದ ಕಟ್ಟಡಗಳ ಆಧಿಕ್ಯ, ಗಾಳಿಬೆಳಕಿನ ಕೊರತೆ, ನೀರು ಚರಂಡಿಗಳ ಅಭಾವ, ನಿವೇಶನಗಳ ಅಸಮರ್ಪಕ ಜೋಡಣೆ, ತೆರಿಗೆಮೌಲ್ಯದ ಇಳಿಕೆ ಅಥವಾ ನಿಧಾನಗತಿ ಮೊದಲಾದವು ಅವು. ಇವುಗಳಲ್ಲಿ ಐದು ಕಂಡರೆ ರೋಗಗ್ರಸ್ತ ಪ್ರದೇಶ. ಅರ್ಧದಷ್ಟಾದರೂ ಕಟ್ಟಡಗಳು 35 ವರ್ಷಕ್ಕೆ ಮೇಲ್ಪಟ್ಟವಾಗಿದ್ದು ಮೂರು ಲಕ್ಷಣಗಳು ಕಂಡರೆ ಸಂರಕ್ಷಣಾ ಪ್ರದೇಶ. 1999ರ ತಿದ್ದುಪಡಿಯಿಂದ ಈ ವ್ಯಾಖ್ಯೆಗಳು ಬಿಗಿಯಾದವು ಎಂಬುದನ್ನು ಒಪ್ಪಬೇಕು.

ಆದರೂ ಓದುಗರು ಒಂದು ಕ್ಷಣ ಯೋಚಿಸಬೇಕು. 35 ವರ್ಷದ ಹಿಂದೆ ಕಟ್ಟಿದ ಮನೆಗಳು ಅರ್ಧಕ್ಕೆ ಕಡಿಮೆಯಿಲ್ಲದ ಬೀದಿ ಯಾವ ಹಳೆಯ ನಗರದಲ್ಲಿಲ್ಲ? ಮೈಸೂರಿನ ಅಗ್ರಹಾರದ ಬೀದಿಗಳನ್ನೋ ಧಾರವಾಡದ ಹಳೆಯ ಪೇಟೆಯನ್ನೋ ಈ ಅಳತೆಗೋಲಿನಿಂದ ಅಳೆದರೆ ವಯಸ್ಸಿನ ಷರತ್ತು ಸುಲಭವಾಗಿ ಈಡೇರುತ್ತದೆ. ಉಳಿದ ಮೂರು ಲಕ್ಷಣಗಳನ್ನು ಹುಡುಕುವುದು ನಗರಸಭೆ ಹಣ ಕೊಟ್ಟು ನೇಮಿಸಿಕೊಂಡ ಸಲಹೆಗಾರರ ಕೆಲಸ. ಷಿಕಾಗೋ ನಗರದ ಹಣಕಾಸಿನ ವ್ಯವಹಾರದ ಕೇಂದ್ರವಾದ ಲಸಾಲ್ ಬೀದಿಯ ಸುತ್ತ 2006ರಲ್ಲಿ ಇಂಥ ವಲಯವೊಂದು ರಚಿತವಾಯಿತೆಂಬುದನ್ನು ನೋಡಿದರೆ, ಬಡ ಬೀದಿಗಳಿಗಾಗಿ ಹುಟ್ಟಿದ ಪದ ಎಲ್ಲಿಯವರೆಗೆ ಪಯಣಿಸಿದೆಯೆಂಬುದು ಗೊತ್ತಾಗುತ್ತದೆ.

3. ಷರತ್ತಿನ ವಾಕ್ಯ

ರೋಗದ ಲಕ್ಷಣಗಳಿಗಿಂತ ಮುಖ್ಯವಾದ ಇನ್ನೊಂದು ನಿಯಮವಿದೆ. ಈ ಯೋಜನೆಯಿಲ್ಲದಿದ್ದರೆ ಆ ಪ್ರದೇಶ ಖಾಸಗಿ ಬಂಡವಾಳದಿಂದ ಅಭಿವೃದ್ಧಿ ಹೊಂದೀತೆಂದು ನಿರೀಕ್ಷಿಸುವಂತಿಲ್ಲ ಎಂದು ನಗರಸಭೆ ನಿರ್ಣಯಿಸಬೇಕು. ನ್ಯಾಯವಾದಿಗಳು ಇದನ್ನು ‘ಇದಿಲ್ಲದಿದ್ದರೆ’ ಪರೀಕ್ಷೆ ಎಂದು ಕರೆಯುತ್ತಾರೆ. ಶಾಲೆಗೆ ಸೇರತಕ್ಕ ಏರಿಕೆಯನ್ನು ನಗರಸಭೆ ತೆಗೆದುಕೊಳ್ಳುವುದಕ್ಕೆ ಇರುವ ನೈತಿಕ ಆಧಾರ ಇದೊಂದೇ. ವಲಯದಿಂದಲೇ ಏರಿಕೆ ಹುಟ್ಟಿದ್ದಾದರೆ ಶಾಲೆ ಏನನ್ನೂ ಕಳೆದುಕೊಳ್ಳಲಿಲ್ಲ. ಏಕೆಂದರೆ ವಲಯವಿಲ್ಲದಿದ್ದರೆ ಆ ಹಣವೇ ಇರುತ್ತಿರಲಿಲ್ಲ. ಏರಿಕೆ ಹೇಗೂ ಬರುತ್ತಿದ್ದುದಾದರೆ ಶಾಲೆಯ ಹಣ ಬೇರೆಡೆಗೆ ಹೋಯಿತು.

ಒಂದು ಸರಳವಾದ ಲೆಕ್ಕವನ್ನು ಮಾಡಿ ನೋಡೋಣ. ವಲಯದ ಮೂಲಮೌಲ್ಯ 100 ಎಂದಿಟ್ಟುಕೊಳ್ಳೋಣ. ಬೆಲೆಗಳ ಸಾಮಾನ್ಯ ಏರಿಕೆಯಿಂದಲೂ ಊರಿನ ಸಹಜ ಬೆಳವಣಿಗೆಯಿಂದಲೂ, ಯಾರೂ ಏನೂ ಮಾಡದಿದ್ದರೂ, ಆಸ್ತಿಯ ಮೌಲ್ಯ ವರ್ಷಕ್ಕೆ ನೂರಕ್ಕೆ ಮೂರರಂತೆ ಬೆಳೆಯುತ್ತದೆನ್ನೋಣ. 23 ವರ್ಷಗಳ ಕೊನೆಗೆ ಅದು ಸುಮಾರು 197 ಆಗುತ್ತದೆ. ವಲಯದ ಕೆಲಸಗಳ ಫಲವಾಗಿ 230 ಆಯಿತೆಂದು ಇಟ್ಟುಕೊಂಡರೆ, ವಲಯ ನಿಜವಾಗಿ ಸೃಷ್ಟಿಸಿದ್ದು 33 ಮಾತ್ರ. ಆದರೆ ವಲಯನಿಧಿಗೆ ಸಲ್ಲುವುದು 130ರ ಮೇಲಿನ ತೆರಿಗೆ. ಅದರಲ್ಲಿ ನಾಲ್ಕನೆಯ ಮೂರು ಪಾಲು ಹೇಗೂ ಬರುತ್ತಿದ್ದುದು. ಯೋಜನೆ ವಿಫಲವಾದಾಗ ಮಾತ್ರವಲ್ಲ, ಅದು ಸಾಕಷ್ಟು ಯಶಸ್ವಿಯಾದಾಗಲೂ ಈ ಅನ್ಯಾಯ ನಡೆಯುತ್ತದೆ. ಮೂಲಮೌಲ್ಯವನ್ನು ಹೆಪ್ಪುಗಟ್ಟಿಸುವ ವಿಧಾನದಲ್ಲಿಯೇ ಇರುವ ದೋಷ ಇದು.

ಮರದ ಮೇಲೆ ಕಾಗೆ ಕುಳಿತಿತು, ಹಣ್ಣು ಬಿದ್ದಿತು. ಆದ್ದರಿಂದ ಕಾಗೆಯೇ ಹಣ್ಣನ್ನು ಬೀಳಿಸಿತು ಎಂಬ ಕಾಕತಾಳೀಯವನ್ನು ನಮ್ಮ ತರ್ಕಶಾಸ್ತ್ರಜ್ಞರು ಬಹು ಹಿಂದೆಯೇ ಗುರುತಿಸಿದ್ದರು. ವಲಯದ ಯಶಸ್ಸನ್ನು ಸಾರುವ ನಗರಸಭೆಯ ವರದಿಗಳಲ್ಲಿ ಈ ತರ್ಕ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ವಲಯವಿಲ್ಲದ ಅದೇ ಬೀದಿಯನ್ನು ಯಾರೂ ನೋಡಲಾರರಾದುದರಿಂದ, ಅದನ್ನು ಹೋಲುವ ಬೇರೆ ಬೀದಿಗಳನ್ನೂ ಊರುಗಳನ್ನೂ ಎದುರಿಟ್ಟು ಅಳೆಯುವುದೊಂದೇ ದಾರಿ.

ಅಂಥ ಅಳತೆಗಳನ್ನು ಅಲ್ಲಿನ ಅರ್ಥಶಾಸ್ತ್ರಜ್ಞರು ಮಾಡಿದ್ದಾರೆ. ರಿಚರ್ಡ್ ಡೈ ಮತ್ತು ಡೇವಿಡ್ ಮೆರಿಮನ್ ಅವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಷಿಕಾಗೋ ಸುತ್ತಲಿನ ಊರುಗಳ ಪೈಕಿ ಇಂಥ ವಲಯಗಳನ್ನು ರಚಿಸಿಕೊಂಡ ಊರುಗಳು ರಚಿಸಿಕೊಳ್ಳದವುಗಳಿಗಿಂತ ನಿಧಾನವಾಗಿ ಬೆಳೆದುವೆಂದು ಕಂಡುಬಂತು. ವಲಯದೊಳಗಿನ ಬೆಳವಣಿಗೆ ವಲಯದ ಹೊರಗಿನದನ್ನು ಕಸಿದುಕೊಂಡದ್ದಿರಬಹುದೆಂಬುದು ಅವರ ಊಹೆ. ವಿಲಿಯಂ ಲೆಸ್ಟರ್ ಅವರು 2014ರಲ್ಲಿ ಷಿಕಾಗೋ ನಗರವನ್ನೇ ತೆಗೆದುಕೊಂಡು ‘ಇದಿಲ್ಲದಿದ್ದರೆ’ ಪರೀಕ್ಷೆಯನ್ನು ಅಂಕಿಅಂಶಗಳಿಂದ ನಡೆಸಿದರು. ಉದ್ಯೋಗವಾಗಲಿ ವ್ಯಾಪಾರವಾಗಲಿ ವಲಯಗಳಿಂದ ಹೆಚ್ಚಾಯಿತೆಂಬುದಕ್ಕೆ ಅವರಿಗೆ ಆಧಾರ ದೊರೆಯಲಿಲ್ಲ. ಮೆರಿಮನ್ ಅವರು 2018ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿ, ಬಹುಪಾಲು ಸಂದರ್ಭಗಳಲ್ಲಿ ಈ ಪದ್ಧತಿ ಆರ್ಥಿಕ ಅಭಿವೃದ್ಧಿಯೆಂಬ ತನ್ನ ಗುರಿಯನ್ನು ಮುಟ್ಟಿಲ್ಲವೆಂಬ ನಿರ್ಣಯಕ್ಕೆ ಬಂದರು. ಇದಕ್ಕೆ ವ್ಯತಿರಿಕ್ತವಾದ ಸಾಕ್ಷ್ಯವೂ ಇಲ್ಲದಿಲ್ಲ. 2006ರಲ್ಲಿ ಬ್ರೆಂಟ್ ಸ್ಮಿತ್ ಅವರು ಷಿಕಾಗೋದ ವಲಯಗಳಲ್ಲಿದ್ದ ಬಹುಕುಟುಂಬದ ವಸತಿ ಕಟ್ಟಡಗಳ ಬೆಲೆ ಹೊರಗಿನವುಗಳಿಗಿಂತ ವೇಗವಾಗಿ ಏರಿತೆಂದು ತೋರಿಸಿದರು. ಆದರೆ ಕಟ್ಟಡದ ಬೆಲೆ ಏರುವುದು ಬೇರೆ, ಆ ಬೀದಿಯ ಜನಕ್ಕೆ ಕೆಲಸ ಸಿಗುವುದು ಬೇರೆ. ಬಾಡಿಗೆದಾರನಿಗೆ ಮೊದಲನೆಯದು ಹರ್ಷದ ಸುದ್ದಿಯೂ ಅಲ್ಲ.

4. ಹಣ ಯಾರದು?

ವಲಯದ ಹೊರೆಯನ್ನು ಯಾರು ಹೊರುತ್ತಾರೆಂಬ ಪ್ರಶ್ನೆಗೆ ಎಲ್ಲ ರಾಜ್ಯಗಳಲ್ಲಿಯೂ ಒಂದೇ ಉತ್ತರವಿಲ್ಲ. ಇದನ್ನು ಗಮನಿಸದೆ ಬರೆದ ಟೀಕೆಗಳು ಹಲವಿರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಕ್ಯಾಲಿಫೋರ್ನಿಯದಲ್ಲಿ 1978ರ 13ನೆಯ ಮತಪ್ರಸ್ತಾವದಿಂದ ಆಸ್ತಿತೆರಿಗೆಯ ಸಾಮಾನ್ಯ ದರ ಮೌಲ್ಯದ ನೂರಕ್ಕೆ ಒಂದರಷ್ಟಕ್ಕೆ ಸೀಮಿತವಾಯಿತು. ದರ ಏರಿಸುವಂತಿಲ್ಲದ ನಗರಸಭೆಗಳಿಗೆ, ಇತರ ಸಂಸ್ಥೆಗಳ ಪಾಲಿನಿಂದ ಹಣ ತರಬಲ್ಲ ವಲಯ ಒಂದು ಅನುಕೂಲವಾದ ಬಾಗಿಲಾಯಿತು. ಅಲ್ಲಿ ಶಾಲೆಗಳು ಕಳೆದುಕೊಂಡ ಹಣವನ್ನು ಬಹುಮಟ್ಟಿಗೆ ರಾಜ್ಯ ಸರ್ಕಾರ ತುಂಬಿಕೊಡಬೇಕಾಯಿತು. ಅಂದರೆ ಗೆರೆಯೆಳೆಯುವುದು ನಗರಸಭೆ, ಬಿಲ್ಲು ತೆರುವುದು ರಾಜ್ಯ. ಇಂಥ ಏರ್ಪಾಡಿನಲ್ಲಿ ಗೆರೆಗಳು ಹೆಚ್ಚುವುದು ಆಶ್ಚರ್ಯವಲ್ಲ. ಕೊನೆಗೆ ರಾಜ್ಯದ ಒಟ್ಟು ಆಸ್ತಿತೆರಿಗೆಯಲ್ಲಿ ನೂರಕ್ಕೆ ಹನ್ನೆರಡರಷ್ಟು ಸುಮಾರು 400 ಪುನರ್ನಿರ್ಮಾಣ ಸಂಸ್ಥೆಗಳ ಪಾಲಾಗುತ್ತಿತ್ತು.

ಇಲಿನಾಯಿಯಲ್ಲಿ ರೀತಿ ಬೇರೆ. ಅಲ್ಲಿ ಪ್ರತಿಯೊಂದು ಸಂಸ್ಥೆಯೂ ತನಗೆ ಬೇಕಾದ ಮೊತ್ತವನ್ನು ಕೇಳುತ್ತದೆ. ಅದನ್ನು ಲಭ್ಯವಿರುವ ತೆರಿಗೆಮೌಲ್ಯದಿಂದ ಭಾಗಿಸಿ ದರವನ್ನು ಗೊತ್ತುಮಾಡುತ್ತಾರೆ. ವಲಯದೊಳಗಿನ ಏರಿಕೆ ಈ ಲೆಕ್ಕಕ್ಕೆ ಸಿಗುವುದಿಲ್ಲವಾದುದರಿಂದ ಭಾಜಕ ಚಿಕ್ಕದಾಗುತ್ತದೆ, ದರ ಏರುತ್ತದೆ. ಹೊರೆ ಬೀಳುವುದು ಊರಿನ ಎಲ್ಲ ತೆರಿಗೆದಾರರ ಮೇಲೆ. ತೆರಿಗೆಯ ಏರಿಕೆಗೆ ಕಾನೂನಿನ ಮಿತಿಯಿರುವಲ್ಲಿ ಶಾಲಾ ಮಂಡಲಿಯ ಕೈಯೂ ಕಟ್ಟಿದಂತಾಗುತ್ತದೆ. ಹೊಸ ತೆರಿಗೆಯಿಲ್ಲವೆಂಬ ಮಾತು ಶಾಸನದ ಅಕ್ಷರಕ್ಕೆ ನಿಜ. ಮನೆಗೆ ಬರುವ ಬಿಲ್ಲಿನಲ್ಲಿ ನಿಜವಲ್ಲ.

ಶಾಲಾ ಮಂಡಲಿಗೆ ಆಕ್ಷೇಪಿಸುವ ದಾರಿಯೇ ಇಲ್ಲವೆನ್ನುವಂತಿಲ್ಲ. ಸಂಬಂಧಪಟ್ಟ ಸಂಸ್ಥೆಗಳ ಪ್ರತಿನಿಧಿಗಳ ಒಂದು ಜಂಟಿ ಪರಿಶೀಲನಾ ಮಂಡಲಿ ಪ್ರತಿಯೊಂದು ಪ್ರಸ್ತಾವವನ್ನೂ ನೋಡುತ್ತದೆ. ಆದರೆ ಅದರ ಅಭಿಪ್ರಾಯ ಸಲಹೆಯ ಸ್ವರೂಪದ್ದು. ಅದು ಬೇಡವೆಂದರೂ ನಗರಸಭೆ ಐದರಲ್ಲಿ ಮೂರು ಪಾಲು ಮತದಿಂದ ಮುಂದುವರಿಯಬಹುದು. ಕಕ್ಷಿಗಾರನೇ ನ್ಯಾಯಾಧೀಶನಾದಾಗ ಎದುರುಕಕ್ಷಿಗೆ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಟ್ಟರೆ ಸಾಕೆ?

ಕ್ಯಾಲಿಫೋರ್ನಿಯದ ಪ್ರಯೋಗ ಮುಗಿದ ಬಗೆ ವಿಚಾರಯೋಗ್ಯವಾದುದು. ಕೊರತೆಯ ಆಯವ್ಯಯದ ಕಾಲದಲ್ಲಿ, 2011ರಲ್ಲಿ, ರಾಜ್ಯಪಾಲ ಜೆರಿ ಬ್ರೌನ್ ಅವರು ಈ ಸಂಸ್ಥೆಗಳನ್ನು ರದ್ದುಗೊಳಿಸುವ ಶಾಸನವನ್ನು ತಂದರು. ಹಿಂದೆ ಓಕ್ಲೆಂಡ್ ನಗರದ ಮೇಯರ್ ಆಗಿದ್ದಾಗ ಅವರೇ ಈ ಸಾಧನವನ್ನು ಬಳಸಿದ್ದರು. ಹಣ ಕೊಟ್ಟು ಉಳಿದುಕೊಳ್ಳಲು ಸಂಸ್ಥೆಗಳಿಗೆ ಅವಕಾಶ ಕೊಡುವ ಇನ್ನೊಂದು ಶಾಸನವೂ ಜೊತೆಗೆ ಬಂದಿತ್ತು. 2011ರ ಡಿಸೆಂಬರಿನಲ್ಲಿ ರಾಜ್ಯದ ಶ್ರೇಷ್ಠ ನ್ಯಾಯಾಲಯ ಮೊದಲನೆಯದನ್ನು ಎತ್ತಿಹಿಡಿದು ಎರಡನೆಯದನ್ನು ತಳ್ಳಿಹಾಕಿತು. ಅದಕ್ಕೆ ಆಧಾರವಾದುದು ಈ ನಿಧಿಗಳನ್ನು ರಾಜ್ಯ ಮುಟ್ಟದಂತೆ ಮಾಡಲು ನಗರಗಳೇ ಬೆಂಬಲಿಸಿ 2010ರಲ್ಲಿ ಗೆಲ್ಲಿಸಿದ್ದ 22ನೆಯ ಮತಪ್ರಸ್ತಾವ. 2012ರ ಫೆಬ್ರುವರಿ 1ರಂದು ಎಲ್ಲ ಸಂಸ್ಥೆಗಳೂ ರದ್ದಾದುವು. ಈ ಪದ್ಧತಿಗೆ ಜನ್ಮವಿತ್ತ ರಾಜ್ಯ ಅರುವತ್ತು ವರ್ಷಗಳ ಬಳಿಕ, ಅದರ ವಲಯಗಳು ಊರಿಗೆ ಏನು ಮಾಡಿದುವೆಂಬ ವಾದ ಮುಗಿಯುವ ಮೊದಲೇ, ಶಾಲೆಗಳ ಹಣದ ಲೆಕ್ಕದಿಂದಾಗಿ ಅದನ್ನು ಕೈಬಿಟ್ಟಿತು.

5. ಷಿಕಾಗೋ ನಗರದ ಅನುಭವ

ಷಿಕಾಗೋದ ಮೊದಲ ವಲಯ 1984ರಲ್ಲಿ ನಗರದ ಹೃದಯಭಾಗವಾದ ‘ಲೂಪ್’ ಪ್ರದೇಶದ ಉತ್ತರದಲ್ಲಿ ಆರಂಭವಾಯಿತು. 1997ರಲ್ಲಿ ವಿಸ್ತಾರಗೊಂಡು 2008ರಲ್ಲಿ ಮುಕ್ತಾಯವಾಯಿತು. ಅಲ್ಲಿ ಹಳೆಯ ನಾಟಕಶಾಲೆಗಳ ಜೀರ್ಣೋದ್ಧಾರವಾಗಿ ಸಂಜೆಯ ಹೊತ್ತು ಮತ್ತೆ ಜನ ಸೇರುವಂತಾದುದು ನಿಜವಾದ ಲಾಭ. ಅದೇ ವಲಯದಲ್ಲಿ 37ನೆಯ ಬ್ಲಾಕ್ ಎಂಬ ನಿವೇಶನವಿತ್ತು. ಅಲ್ಲಿನ ಕಟ್ಟಡಗಳನ್ನು 1989ರಲ್ಲಿ ಕೆಡವಲಾಯಿತು. ಹೊಸ ಅಂಗಡಿ ಸಂಕೀರ್ಣ ತೆರೆದದ್ದು 2009ರಲ್ಲಿ. ನಡುವಣ ಕಾಲದ ಬಹುಭಾಗ, ದೇಶದ ಅತ್ಯಂತ ಬೆಲೆಬಾಳುವ ನಿವೇಶನಗಳಲ್ಲೊಂದು ಬರಿಯ ಬಯಲಾಗಿತ್ತು. ಚಳಿಗಾಲದಲ್ಲಿ ಜನ ಅಲ್ಲಿ ಹಿಮದ ಮೇಲೆ ಜಾರುತ್ತಿದ್ದರು, ಬೇಸಿಗೆಯಲ್ಲಿ ತರುಣರು ಚಿತ್ರಕಲೆ ಕಲಿಯುತ್ತಿದ್ದರು. ಕೆಡಹುವುದಕ್ಕೆ ಬೇಕಾದ ಹಣವನ್ನೂ ಅಧಿಕಾರವನ್ನೂ ನಗರಸಭೆ ಒದಗಿಸಬಲ್ಲದು. ಕಟ್ಟುವುದು ಮಾರುಕಟ್ಟೆಯ ಮರ್ಜಿ.

ಮೊದಲ ವಲಯದ ಬಳಿಕ ಅವುಗಳ ಸಂಖ್ಯೆ ಒಂದು ಕಾಲಕ್ಕೆ ನೂರೈವತ್ತನ್ನೂ ಮೀರಿತು. 2019ರ ಏಪ್ರಿಲ್‌ನಲ್ಲಿ, ಒಬ್ಬ ಮೇಯರ್ ಅಧಿಕಾರ ಬಿಡುವ ಕೆಲವು ವಾರಗಳ ಮುನ್ನ, ಎರಡು ಬೃಹತ್ ಯೋಜನೆಗಳಿಗೆ ನಗರಸಭೆ ಒಪ್ಪಿಗೆ ಕೊಟ್ಟಿತು: ಲಿಂಕನ್ ಯಾರ್ಡ್ಸ್ ಎಂಬುದಕ್ಕೆ 130 ಕೋಟಿ ಡಾಲರುಗಳವರೆಗೆ, ‘ದ 78’ ಎಂಬುದಕ್ಕೆ 110 ಕೋಟಿ ಡಾಲರುಗಳವರೆಗೆ. ಮೊದಲನೆಯದು ಹಿಂದೆ ಉಕ್ಕಿನ ಕಾರ್ಖಾನೆಯಿದ್ದ ನದೀತೀರದ ಭೂಮಿ; ಆದರೆ ಅದರ ಅಕ್ಕಪಕ್ಕದಲ್ಲಿರುವುವು ನಗರದ ಅತ್ಯಂತ ಸಂಪನ್ನ ಬಡಾವಣೆಗಳು. ಇಂಥ ಸ್ಥಳ ವಲಯವಿಲ್ಲದೆಯೂ ಬೆಳೆಯುತ್ತಿತ್ತೆಂದು ಆಕ್ಷೇಪಿಸಿ ನಾಗರಿಕ ಸಂಘಟನೆಗಳು ನ್ಯಾಯಾಲಯಕ್ಕೆ ಹೋದರೂ ಫಲ ಸಿಗಲಿಲ್ಲ. ಯೋಜಿಸಿದ ಕಟ್ಟಡಗಳ ಬಹುಭಾಗ ಮಾತ್ರ ವರ್ಷಗಳು ಕಳೆದರೂ ಮೇಲೇಳಲಿಲ್ಲ.

ಆ ನಗರವೇ ಕೆಲಮಟ್ಟಿಗೆ ದಾರಿ ಬದಲಿಸಿದೆಯೆಂಬುದನ್ನೂ ಹೇಳಬೇಕು. 2024ರ ಏಪ್ರಿಲ್‌ನಲ್ಲಿ ನಗರಸಭೆ ವಸತಿಗೂ ಆರ್ಥಿಕ ಅಭಿವೃದ್ಧಿಗೂ 125 ಕೋಟಿ ಡಾಲರುಗಳ ಸಾಲಪತ್ರಗಳನ್ನು ಹೊರಡಿಸಲು ಒಪ್ಪಿತು. ಅವಧಿ ಮುಗಿದ ವಲಯಗಳನ್ನು ಮುಂದುವರಿಸದೆ ಬಿಟ್ಟು, ಅವುಗಳಿಂದ ಸಾಮಾನ್ಯ ನಿಧಿಗೆ ಮರಳುವ ತೆರಿಗೆಯಿಂದ ಆ ಸಾಲವನ್ನು ತೀರಿಸುವುದೆಂದು ಯೋಜನೆ. ಗೆರೆಯೊಳಗೆ ಹುಟ್ಟಿದ ಹಣ ಗೆರೆಯೊಳಗೇ ಇರಬೇಕೆಂಬ ತತ್ತ್ವವನ್ನು ಸಡಿಲಿಸಿದ ಕ್ರಮವಿದು. 2025ರ ಆಯವ್ಯಯಕ್ಕಾಗಿ ವಲಯನಿಧಿಗಳಿಂದ 57 ಕೋಟಿ ಡಾಲರುಗಳನ್ನು ‘ಹೆಚ್ಚುವರಿ’ಯೆಂದು ಘೋಷಿಸಿ ಹಂಚಿದಾಗ ಅದರ ಅರ್ಧಕ್ಕೂ ಮಿಕ್ಕ ಭಾಗ ಶಾಲೆಗಳಿಗೆ ಹೋಯಿತು. ಶಾಲೆಗೆ ತನ್ನ ಪಾಲು ವರ್ಷವರ್ಷವೂ ಹಕ್ಕಾಗಿ ಬರುವುದಕ್ಕೂ ಮೇಯರ್ ಕಚೇರಿಯ ತೀರ್ಮಾನದಿಂದ ಬರುವುದಕ್ಕೂ ಇರುವ ಅಂತರ ಸಣ್ಣದಲ್ಲ. ಮುಂದಿನ ವರ್ಷ ಎಷ್ಟು ಅಧ್ಯಾಪಕರನ್ನು ಇಟ್ಟುಕೊಳ್ಳಬಹುದೆಂಬುದು ಅದರ ಮೇಲೆ ನಿಂತಿರುತ್ತದೆ.

6. ಪೂರ್ವಪಕ್ಷ ಮತ್ತು ನಿರ್ಣಯ

ಈ ಪದ್ಧತಿಯ ಪರವಾಗಿ ಹೇಳಬಹುದಾದುದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ವಿಷಪದಾರ್ಥಗಳಿಂದ ಕೆಟ್ಟ ಹಳೆಯ ಕಾರ್ಖಾನೆಯ ನೆಲವನ್ನು ಶುದ್ಧಮಾಡದೆ ಯಾರೂ ಅಲ್ಲಿ ಮನೆ ಕಟ್ಟಲಾರರು. ಆ ವೆಚ್ಚವನ್ನು ಒಬ್ಬ ನಿರ್ಮಾಪಕ ಹೊರಲಾರ. ಅಂಥಲ್ಲಿ ‘ಇದಿಲ್ಲದಿದ್ದರೆ’ ಎಂಬ ವಾಕ್ಯ ನಿಜವಾಗಿಯೂ ನಿಜ. ಮೇಲಾಗಿ, ಮೇಲಿನ ಸರ್ಕಾರಗಳು ಅನುದಾನ ನಿಲ್ಲಿಸಿದ ಕಾಲದಲ್ಲಿ ನಗರಸಭೆಯ ಕೈಯಲ್ಲಿ ಬೇರೆ ಸಾಧನಗಳು ಹೆಚ್ಚಿರಲಿಲ್ಲ. ದೋಷ ನಗರಸಭೆಯ ದುರಾಶೆಯೊಂದರದೇ ಅಲ್ಲ. ಇತರರ ಹಣದಿಂದಲ್ಲದೆ ಬೇರೆ ರೀತಿಯಲ್ಲಿ ಕೆಲಸ ಮಾಡಲಾರದ ಸ್ಥಿತಿಗೆ ಅದನ್ನು ತಂದಿಟ್ಟ ಏರ್ಪಾಡಿನದೂ ಹೌದು.

ಆದರೂ ಮೂರು ತಿದ್ದುಪಾಟುಗಳಿಲ್ಲದೆ ಈ ಸಾಧನವನ್ನು ಸ್ವೀಕರಿಸತಕ್ಕದ್ದಲ್ಲವೆಂದು ನಮ್ಮ ಅಭಿಪ್ರಾಯ. ಮೊದಲನೆಯದಾಗಿ, ಮೂಲಮೌಲ್ಯ ಹೆಪ್ಪುಗಟ್ಟಿರದೆ ಊರಿನ ಸರಾಸರಿ ಏರಿಕೆಯೊಡನೆ ವರ್ಷವರ್ಷವೂ ಮೇಲೇರಬೇಕು; ನಮ್ಮ ಲೆಕ್ಕದ 130ರಲ್ಲಿ 33 ಮಾತ್ರ ವಲಯಕ್ಕೆ ಸಲ್ಲಬೇಕು. ಎರಡನೆಯದಾಗಿ, ಷರತ್ತಿನ ವಾಕ್ಯವನ್ನು ನಿರ್ಣಯಿಸುವವರು ನಗರಸಭೆಯೂ ಅದರ ಸಲಹೆಗಾರರೂ ಆಗಿರದೆ, ಲಾಭನಷ್ಟಗಳೆರಡಕ್ಕೂ ಹೊರಗಿನವರಾಗಿರಬೇಕು. ಮೂರನೆಯದಾಗಿ, ಯಾರ ಪಾಲನ್ನು ತೆಗೆದುಕೊಳ್ಳಲಾಗುತ್ತದೆಯೋ ಅವರ ಒಪ್ಪಿಗೆ ಬೇಕು, ಸಲಹೆ ಸಾಲದು.

ನಮ್ಮ ನಗರಗಳಲ್ಲಿ ಆಸ್ತಿತೆರಿಗೆಯನ್ನು ಶಾಲಾ ಮಂಡಲಿಯೊಡನೆ ಹಂಚಿಕೊಳ್ಳುವ ಪದ್ಧತಿಯಿಲ್ಲ. ಆದುದರಿಂದ ಇಲ್ಲಿ ಈ ಅಪಾಯವಿಲ್ಲವೆಂದು ಕೆಲವರು ಹೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಒಂದೇ ಪೌರಸಂಸ್ಥೆಯ ಬೊಕ್ಕಸದಲ್ಲಿಯೂ ಹೊಸ ಮೆಟ್ರೋ ನಿಲ್ದಾಣದ ಸುತ್ತಲಿನ ವಾರ್ಡು ಒಂದು, ನೀರಿನ ಕೊಳಾಯಿಯೂ ಮುಟ್ಟದ ಅಂಚಿನ ವಾರ್ಡು ಇನ್ನೊಂದು. ಮೊದಲನೆಯದರಲ್ಲಿ ಹೆಚ್ಚುವ ತೆರಿಗೆಯನ್ನು ಅಲ್ಲಿಯೇ ಕಟ್ಟಿಹಾಕಿದರೆ ಎರಡನೆಯದಕ್ಕೆ ಕೊಳಾಯಿ ಬರುವುದು ಯಾವ ಹಣದಿಂದ? ನಗರವೆಂದರೆ ಒಂದು ವಾರ್ಡಿನ ಏಳಿಗೆಯಿಂದ ಇನ್ನೊಂದರ ಕೊರತೆಯನ್ನು ತುಂಬುವ ಏರ್ಪಾಡು. ಅದರ ನಡುವೆ ಗೆರೆಯೆಳೆಯಬೇಕೆನ್ನುವವರು, ಆ ಗೆರೆಯಿಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ಮೊದಲು ತೋರಿಸಲಿ. ತೋರಿಸುವ ಭಾರ ಅವರದು.